ಮುರಿದವಳು ನಾನೇ

ಖಂಡೇನವಮಿ ಬಂತೆಂದರೆ ನಮ್ಮ ಕಡೆ ಮನೆಯಲ್ಲಿರುವ ಒಂದು ಕುಡಗೋಲು ಕೂಡ ಪೂಜೆಯಿಲ್ಲದೆ ಉಳಿಯುವುದಿಲ್ಲ. ಕೊಡಲಿ, ಕುರ್ಪಿ, ದ್ರಾಕ್ಷಿ ಕೊಯ್ಯುವ ಕತ್ತರಿ, ಔಷಧ ಹೊಡೆಯುವ ಪಂಪು, ಮೋಟಾರ್ ಸೈಕಲ್ಲು, ಹೊಲಿಗೆ ಮಷೀನು, ಮಿಕ್ಸರ್ ಎಲ್ಲವೂ ಮೈ ಒರೆಸಿಕೊಂಡು, ವಿಭೂತಿ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕೂಡುತ್ತವೆ. 2020ರಿಂದ ಈಚೆಗೆ ನಮ್ಮ ಮನೆಯ ಸಾಲಿಗೆ ಇನ್ನೊಂದು ಸೇರಿಕೊಂಡಿದೆ. ಅದೇ ಕಂಪ್ಯೂಟರ್.

ಕೊರೊನಾ ಬಂದು ಶಾಲೆ ಕಾಲೇಜುಗಳೆಲ್ಲ ಬಾಗಿಲು ಹಾಕಿಕೊಂಡ ವರ್ಷ ಅದು. ಮಕ್ಕಳ ಪಾಠವೆಲ್ಲ ಮೊಬೈಲಿಗೆ ಬಂತು. ಮಗಳು ಒಬ್ಬಳು, ಮಗ ಒಬ್ಬ, ಮೊಬೈಲು ಮಾತ್ರ ಒಂದೇ. ದಿನಾ ಬೆಳಿಗ್ಗೆ ಯುದ್ಧ. ಕೊನೆಗೆ ನಮ್ಮವರು ಒಣದ್ರಾಕ್ಷಿ ಮಾರಿದ ದುಡ್ಡಿನಲ್ಲಿ ಸ್ವಲ್ಪ ತೆಗೆದಿಟ್ಟು, ವಿಜಯಪುರದಿಂದ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರನ್ನು ಕಳ್ಳಕವಟಗಿಗೆ ತಂದರು. ನಮ್ಮ ಅತ್ತೆ ಅದನ್ನು ನೋಡಿ, "ಟಿವಿ ಸಂಗಟ ಒಂದು ಕಬ್ಬಿಣದ ಪೆಟಿಗಿನೂ ಕೊಟ್ಟಾರ ಅನ್ನು, ಛಲೋ ಆತು ಬಿಡು, ಕಾಳು ಕಡಿ ಇಡಾಕ ಬರತೈತಿ" ಎಂದಿದ್ದರು. ಅತ್ತೆಯ ಈ ಮಾತು ನೆನೆದರೆ ನಮ್ಮ ಮನೆಯಲ್ಲಿ ಇವತ್ತಿಗೂ ನಗು.

ಆದರೆ ಆ ಪೆಟಿಗಿಯಲ್ಲಿ ಕಾಳಿಗಿಂತ ಬೆಲೆಯುಳ್ಳದ್ದು ಸೇರಿಕೊಂಡಿತು. 2021ರ ಶ್ರಾವಣದಲ್ಲಿ ಮಗಳು ಅಜ್ಜಿಯನ್ನು ಕಟ್ಟೆಯ ಮೇಲೆ ಕೂಡಿಸಿ, ಆಕೆಯ ಬೀಸುವ ಕಲ್ಲಿನ ಪದಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದಳು. ಬೀಸುವ ಕಲ್ಲು ನಮ್ಮ ಮನೆಯಲ್ಲಿ ನಿಂತು ಎಷ್ಟೋ ವರ್ಷವಾಗಿತ್ತು. ಬರಿಗೈಯನ್ನು ಗಾಳಿಯಲ್ಲಿ ತಿರುಗಿಸುತ್ತಲೇ ಅತ್ತೆ ಹನ್ನೊಂದು ಪದ ಹಾಡಿದ್ದರು. ಮುಂದಿನ ವರ್ಷ ಅವರು ತೀರಿಕೊಂಡರು. ಅದರ ಮರುವರ್ಷ ಆ ಮೊಬೈಲು ನೀರಿನ ತೊಟ್ಟಿಗೆ ಬಿದ್ದು ಅದೂ ತೀರಿಹೋಯಿತು. "ಚಿಂತೆ ಇಲ್ಲ ಬಿಡವ್ವಾ, ಅಜ್ಜಿ ಪದ ಕಂಪ್ಯೂಟರ್‌ದಾಗ ಅದಾವು" ಎಂದಳು ಮಗಳು. ಅಷ್ಟಕ್ಕೇ ನಾವೆಲ್ಲ ನಿಶ್ಚಿಂತರಾದೆವು. ಒಂದೇ ಕಡೆ ಇಟ್ಟ ಗಂಟು ಎಂದಾದರೂ ಕೈಕೊಟ್ಟೀತು ಎಂಬ ಯೋಚನೆ ಯಾರಿಗೂ ಬರಲಿಲ್ಲ.

ಈಗ ಕಥೆಗೆ ಬರುತ್ತೇನೆ.

2024ರ ಅಕ್ಟೋಬರ್ 10, ಗುರುವಾರ. ಮರುದಿನ ಖಂಡೇನವಮಿ. ಮಗಳು ವಿಜಯಪುರದ ಹಾಸ್ಟೆಲಿನಿಂದ ಇನ್ನೂ ಬಂದಿರಲಿಲ್ಲ. ಮಗ ಕಾಲೇಜಿಗೆ, ನಮ್ಮವರು ತೋಟಕ್ಕೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಎಲ್ಲ ಸಾಮಾನು ಒರೆಸಿ ಮುಗಿಸಿದ ಮೇಲೆ ಕಂಪ್ಯೂಟರಿನ ಕಡೆ ತಿರುಗಿದೆ. ಮೇಲೆ ಒರೆಸಿದರೆ ಸಾಕಿತ್ತು. ಆದರೆ ನನ್ನ ಸ್ವಭಾವ ನಿಮಗೂ ಇರಬಹುದು ನೋಡಿ, ಡಬ್ಬಿಯ ಹೊರಗೆ ತೊಳೆದು ಒಳಗೆ ಬಿಟ್ಟರೆ ಮನಸ್ಸಿಗೆ ಸಮಾಧಾನವಿಲ್ಲ. ಮಗ ಎರಡು ತಿರುಪು ಬಿಚ್ಚಿ ಪಕ್ಕದ ಮುಚ್ಚಳ ಸರಿಸುವುದನ್ನು ಕಂಡಿದ್ದೆ. ನಾನೂ ಬಿಚ್ಚಿದೆ. ಅಬ್ಬಬ್ಬಾ, ಒಳಗೆ ಧೂಳೋ ಧೂಳು! ನಮ್ಮ ಊರಿನ ಬೇಸಿಗೆಯ ಕೆಮ್ಮಣ್ಣು, ಅಡಿಗೆಮನೆಯ ಒಗ್ಗರಣೆಯ ಜಿಡ್ಡು ಎರಡೂ ಕೂಡಿ ಫ್ಯಾನಿನ ಮೇಲೆ ಹೊದಿಕೆ ಹೊದಿಸಿದಂತೆ ಕುಳಿತಿತ್ತು.

ಹಳೆಯ ಹಲ್ಲುಜ್ಜುವ ಬ್ರಷ್ಷು ತೆಗೆದುಕೊಂಡು ಶುರು ಮಾಡಿದೆ. ಅಡ್ಡಲಾಗಿ ಒಂದು ಕೆಂಪು ಪಟ್ಟಿಯಂಥ ವೈರು ಬರುತ್ತಿತ್ತು. ಕೈಗೆ ತೊಡಕಾಯಿತೆಂದು ಅದನ್ನು ಹಿಡಿದು ಎಳೆದೆ. ಬರಲಿಲ್ಲ. ಪಕ್ಕಕ್ಕೆ ಅಲ್ಲಾಡಿಸಿ ಇನ್ನೊಮ್ಮೆ ಎಳೆದೆ. "ಕಟ್" ಎಂದಿತು. ಕುಕ್ಕರಿನ ಮುಚ್ಚಳ ಬಿಡುವಾಗ ಬರುತ್ತದಲ್ಲ, ಅಂಥದೇ ಸಪ್ಪಳವೆಂದುಕೊಂಡೆ. ಧೂಳು ತೆಗೆದ ಮೇಲೆ ವೈರನ್ನು ಇದ್ದಲ್ಲೇ ಒತ್ತಿದೆ. ಮೊದಲಿನಷ್ಟು ಬಿಗಿಯಾಗಿ ಕೂಡಲಿಲ್ಲ. ಇನ್ನಷ್ಟು ಒತ್ತಿದೆ, ಹೇಗೋ ನಿಂತಿತು. ಮುಚ್ಚಳ ಹಾಕಿ, ಮರುದಿನ ಅದಕ್ಕೂ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಕಾಯಿ ಒಡೆದು ಕೈಮುಗಿದೆ. ಮುರಿದವಳೂ ನಾನೇ, ಪೂಜೆ ಮಾಡಿದವಳೂ ನಾನೇ!

ಸಂಜೆ ಮಗ ಗುಂಡಿ ಒತ್ತಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು: "ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್". ಅಂದರೆ, ನನಗೆ ಓದಿಕೊಂಡು ಏಳಲು ಡಿಸ್ಕೇ ಕಾಣುತ್ತಿಲ್ಲ, ಸರಿಯಾದದ್ದನ್ನು ತೋರಿಸಿರಿ ಎಂದು ಯಂತ್ರ ಕೇಳುತ್ತಿತ್ತು. ಆರಿಸಿ ಹಚ್ಚಿದ, ಮತ್ತೆ ಆರಿಸಿ ಹಚ್ಚಿದ. ಅದೇ ಸಾಲು.

ನಮ್ಮವರು ಬಂದರು. "ದಿನಾ ಆಟ, ದಿನಾ ಆಟ! ಆಡಿ ಆಡಿ ಕೆಡಿಸಿ ಇಟ್ಟಿ ನೋಡು" ಎಂದು ಕೂಗಿದರು. ಗೋಳಗುಮ್ಮಟದಲ್ಲಿ ಒಮ್ಮೆ ಕೂಗಿದ್ದು ಏಳು ಸಲ ಕೇಳಿಸುತ್ತದಂತೆ. ನಮ್ಮ ಮನೆಯಲ್ಲಿ ಆ ರಾತ್ರಿ ಲೆಕ್ಕ ಅದಕ್ಕೂ ಮೀರಿತು.

"ನಾ ಏನೂ ಮಾಡಿಲ್ಲಪಾ, ಆಣಿ" ಎಂದ ಮಗ.

"ಮತ್ತ ಯಾರು ಮಾಡ್ಯಾರ? ನಿಮ್ಮವ್ವ ಮಾಡ್ಯಾಳೇನು?"

ನಾನು ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದೆ. ಹೌದು, ನಾನೇ ಎನ್ನುವ ಮಾತು ಗಂಟಲಿನವರೆಗೆ ಬಂತು. ಅಲ್ಲಿಯೇ ನಿಂತಿತು. ಏಕೆ ನಿಂತಿತು ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬೈಗುಳದ ಹೆದರಿಕೆಯಲ್ಲ, ಇಪ್ಪತ್ತು ವರ್ಷದ ಸಂಸಾರದಲ್ಲಿ ಅದು ರೂಢಿಯಾಗಿದೆ. "ತಿಳಿಯದ್ದಕ್ಕೆ ಕೈ ಹಾಕಿದಳು" ಎನಿಸಿಕೊಳ್ಳುವ ನಾಚಿಕೆ ಅದು. ಹೈಸ್ಕೂಲಿಗೆ ನಿಂತವಳು ನಾನು. ಮಕ್ಕಳ ಓದಿನ ವಸ್ತುವನ್ನು ಮುಟ್ಟುವ ಅಧಿಕಾರ ನನಗಿಲ್ಲ ಎಂದು ಯಾರೂ ಹೇಳಿರಲಿಲ್ಲ, ನಾನೇ ಅಂದುಕೊಂಡಿದ್ದೆ. ಅಂತೂ ಹೋಳಿಗೆ ಒಂದು ಕಡೆ ಸೀದಿತು, ನಾನು ಸುಮ್ಮನಿದ್ದೆ.

ಮರುದಿನ ವಿಜಯದಶಮಿ. ಬನ್ನಿ ವಿನಿಮಯದ ದಿನ. ವರ್ಷಗಟ್ಟಲೆ ಮಾತು ಬಿಟ್ಟವರು ಕೂಡ ಅಂದು ಬನ್ನಿ ಎಲೆ ಕೊಟ್ಟು ಹಗೆ ಮರೆಯುತ್ತಾರೆ. ಮಗ ಮೊದಲು ಅಪ್ಪನಿಗೆ ಕೊಟ್ಟ. ಅವರು ಮುಖ ಬಿಗಿದುಕೊಂಡೇ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು, ಒಂದು ಮಾತಿಲ್ಲ. ಆಮೇಲೆ ನನ್ನ ಹತ್ತಿರ ಬಂದು, ಎಲೆ ಕೈಯಲ್ಲಿಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೂಣು ಯವ್ವಾ" ಎಂದು ಕಾಲಿಗೆ ಬಿದ್ದ. ಮಾಡದ ತಪ್ಪಿಗೆ ಬೈಸಿಕೊಂಡ ಹುಡುಗ, ತಪ್ಪು ಮಾಡಿದವಳ ಕಾಲಿಗೆ! ಆಶೀರ್ವಾದ ಮಾಡಲು ಕೈ ಎತ್ತಿದೆ, ಬಾಯಿಂದ ಶಬ್ದ ಹೊರಡಲಿಲ್ಲ.

ಸೋಮವಾರ ನಾವು ಮೂವರೂ ಪೆಟ್ಟಿಗೆಯನ್ನು ಹಳೆಯ ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ವಿಜಯಪುರಕ್ಕೆ ಹೋದೆವು. ಹಬ್ಬದ ಮರುದಿನಗಳು, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ.

"ಏನಾಗೇತ್ರಿ?" ಎಂದರು ಅಂಗಡಿಯವರು.

"ಏನೂ ಆಗಿಲ್ರಿ, ಇದ್ದಕ್ಕಿದ್ದಂಗ ಬಂದ್ ಬಿದ್ದೈತಿ" ಎಂದರು ನಮ್ಮವರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ಗೊತ್ತಿದ್ದ ನಾನು ಹಿಂದೆ ಸೆರಗು ಹಿಡಿದುಕೊಂಡು ನಿಂತಿದ್ದೆ.

ಅವರು ಹಚ್ಚಿ ನೋಡಿದರು, ಒಳಗೆ ಮೇಲಿಂದ ಮೇಲೆ ಕಣ್ಣಾಡಿಸಿದರು. ವೈರುಗಳೆಲ್ಲ ಇದ್ದಲ್ಲಿ ಇದ್ದವು. "ಮದರ್‌ಬೋರ್ಡ್ ಹೋಗೇತ್ರಿ. ಇಷ್ಟು ಹಳೇದು ಈಗ ಹೊಸಾದು ಸಿಗಂಗಿಲ್ಲ. ಬೋರ್ಡು ಬದಲಿ ಮಾಡಿದ್ರ ಅದಕ್ಕ ತಕ್ಕ ಪ್ರೊಸೆಸರು, ರ‍್ಯಾಮು ಎಲ್ಲಾ ಬದಲಿ ಮಾಡಬೇಕು. 14,000 ಆಗತೈತಿ. ಡಿಸ್ಕಿನಾಗಿನ ಮಾಲಿಗೆ ನಮ್ಮ ಗ್ಯಾರಂಟಿ ಇಲ್ಲ" ಎಂದರು.

ಅವರನ್ನು ನಾನು ತಪ್ಪೆನ್ನುವುದಿಲ್ಲ. ಹೊಟ್ಟೆನೋವೆಂದು ಡಾಕ್ಟರ ಬಳಿ ಹೋಗಿ, ಏನು ತಿಂದಿರಿ ಎಂದರೆ ಏನೂ ಇಲ್ಲವೆಂದರೆ ಅವರಾದರೂ ಏನು ಮಾಡಿಯಾರು? ಇದ್ದಬದ್ದ ಪರೀಕ್ಷೆಯನ್ನೆಲ್ಲ ಬರೆಯುತ್ತಾರೆ.

ಅಕ್ಟೋಬರ್ ಎಂದರೆ ದ್ರಾಕ್ಷಿಯವರಿಗೆ ಬಳ್ಳಿ ಸವರುವ ಚಾಟನಿಯ ಕಾಲ. ಆಳು, ಗೊಬ್ಬರ, ಔಷಧವೆಂದು ದುಡ್ಡು ನೀರಿನಂತೆ ಹೋಗುವ ತಿಂಗಳು. ನಮ್ಮವರ ಮುಖ ಸಣ್ಣದಾಯಿತು. "ಯುಗಾದಿ ಆದಮ್ಯಾಲೆ ನೋಡೂಣು" ಎಂದು ಪೆಟ್ಟಿಗೆ ಎತ್ತಿಕೊಂಡರು. ಬಸ್ಸಿನಲ್ಲಿ ಮಗ ಕಿಟಕಿಯ ಕಡೆ ಮುಖ ಮಾಡಿ ಕುಳಿತ. "ಅಜ್ಜಿ ಪದ ಹೋದ್ವೇನವ್ವಾ?" ಎಂದು ಮೆಲ್ಲಗೆ ಕೇಳಿದ ಒಂದೇ ಮಾತು ನನ್ನ ಎದೆಗೆ ಚೂರಿಯಂತೆ ನಾಟಿತು.

ರಾತ್ರಿ ಊಟಕ್ಕೆ ಕುಳಿತಾಗ ಹೇಳಿಬಿಟ್ಟೆ. "ರೀ, ಹುಡುಗಗ ಸುಮ್ಮನ ಬೈದೀರಿ. ಅದನ್ನ ಕೆಡಿಸಿದಾಕಿ ನಾನು. ಧೂಳಾ ಹೊಡಿಯಾಕ ಹೋಗಿ ಕೆಂಪು ವೈರು ಜಗ್ಗೀನಿ. ಕಟ್ ಅಂದಿತ್ತು."

ನಮ್ಮವರು ರೊಟ್ಟಿ ಮುರಿಯುತ್ತಿದ್ದವರು ಕೈ ನಿಲ್ಲಿಸಿದರು. ನಾನು ತಲೆ ತಗ್ಗಿಸಿದೆ. ಮಗ ಮಾತ್ರ ಕೈ ತೊಳೆಯುವುದನ್ನೂ ಮರೆತು ಎದ್ದು, "ಎಲ್ಲಿ ಯವ್ವಾ? ಎಲ್ಲಿ ಕಟ್ ಅಂದಿತ್ತು, ತೋರ್ಸು ಬಾ!" ಎಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ, ಹುರುಪಿತ್ತು. ನಾಲ್ಕು ದಿನ ಕತ್ತಲಲ್ಲಿ ತಡಕಾಡಿದವನಿಗೆ ಸ್ವಿಚ್ಚು ಸಿಕ್ಕಂತಾಗಿತ್ತು.

ನಮ್ಮವರು ಬಹಳ ಹೊತ್ತಿನ ಮೇಲೆ, "ಮೊದಲ ಹೇಳಿದ್ರ ನಾ ನಿನ್ನ ನುಂಗತಿದ್ನೇನು?" ಎಂದರು, ಅಷ್ಟೇ. ಆದರೆ ಮರುದಿನ ಬೆಳಿಗ್ಗೆ ನಾನು ಕಸ ಗುಡಿಸುವಾಗ ನೋಡಿದೆ, ದೇವರ ಜಗಲಿಯ ಮೇಲಿದ್ದ ಬನ್ನಿ ಎಲೆ ಒಂದನ್ನು ತೆಗೆದು ಮಗನ ಕೈಯಲ್ಲಿಟ್ಟು, "ತಗೋ, ಬಂಗಾರದಂಗ ಇರೂಣು" ಎನ್ನುತ್ತಿದ್ದರು. ಒಣಗಿದ ಎಲೆ, ಮೂರು ದಿನ ತಡ. ಆದರೂ ಅದು ಬಂಗಾರವೇ.

ತಿಕೋಟಾದಲ್ಲಿ ಮೊಬೈಲು, ಕಂಪ್ಯೂಟರು ದುರಸ್ತಿ ಮಾಡುವ ಒಬ್ಬ ಹುಡುಗನಿದ್ದಾನೆಂದು ಮಗನ ಗೆಳೆಯರು ಹೇಳಿದರು. ಬೆಂಗಳೂರಿನ ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆಯಲ್ಲಿ, ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳ ಆ ಸಂತೆಯಲ್ಲಿ, ಎರಡು ವರ್ಷ ಕೆಲಸ ಕಲಿತು ಬಂದವನಂತೆ. ಈ ಸಲ ನಾನೇ ಮಗನನ್ನು ಕರೆದುಕೊಂಡು ಹೋದೆ. ಅವನು ಕೇಳುವ ಮೊದಲೇ ಬ್ರಷ್ಷಿನಿಂದ ಹಿಡಿದು "ಕಟ್"ವರೆಗೆ ಎಲ್ಲ ಹೇಳಿದೆ.

"ಹೇಳಿದ್ದು ಛಲೋ ಮಾಡಿದ್ರಿ ಅವ್ವಾರ. ಕೆಟ್ಟಿದ್ದು ಹೆಂಗ ಅಂತ ತಿಳದ್ರ ಅರ್ಧಾ ಕೆಲಸ ಮುಗದಂಗ" ಎಂದ.

ಮೊದಲು ಅವನು ಬೋರ್ಡನ್ನು ಮುಟ್ಟಲೇ ಇಲ್ಲ. ಡಿಸ್ಕನ್ನು ಪೆಟ್ಟಿಗೆಯಿಂದ ಬಿಚ್ಚಿ ಹೊರಗೆ ತೆಗೆದ. ನಮ್ಮ ಅಂಗೈಯಷ್ಟು ಅಗಲದ, ಭಾರವಾದ ಲೋಹದ ಡಬ್ಬಿ. "ಅವ್ವಾರ, ನಿಮ್ಮ ಫೋಟೋ, ಹಾಡು, ಲೆಕ್ಕ ಎಲ್ಲಾ ಇರೂದು ಇದರಾಗ. ಮದರ್‌ಬೋರ್ಡಿನಾಗಲ್ಲ. ಬೋರ್ಡು ಸುಟ್ರೂ ಇದು ಬ್ಯಾರೆ" ಎಂದ. ಇಷ್ಟು ಸಣ್ಣ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಸ್ಪಷ್ಟವಿರಲಿಲ್ಲ ನೋಡಿ. ಬೀಸುವ ಕಲ್ಲಿನ ಗೂಟ ಮುರಿದರೆ ಡಬ್ಬಿಯಲ್ಲಿನ ಜೋಳ ಹಾಳಾಗುತ್ತದೆಯೇ? ಹಾಗೆಯೇ ಇದು.

ಒಂದು ಸಣ್ಣ ವೈರಿನಿಂದ ಆ ಡಿಸ್ಕನ್ನು ತನ್ನ ಲ್ಯಾಪ್‌ಟಾಪಿನ ಯು.ಎಸ್.ಬಿ. ಬಾಯಿಗೆ ಜೋಡಿಸಿದ. ಡಿಸ್ಕಿಗೆ ಬೇರೆ ಕರೆಂಟು ಕೊಟ್ಟ. ಒಳಗೆ ಗುಂಯ್ ಎಂದು ತಿರುಗತೊಡಗಿತು. ಪರದೆಯ ಮೇಲೆ ಒಂದೊಂದೇ ಹೆಸರು ಬಂದವು. ಮಗ ಬೆರಳು ತೋರಿಸಿದ. "ಅಜ್ಜಿ" ಎಂಬ ಹೆಸರು. ಒತ್ತಿದ.

ಅತ್ತೆಯ ಕೆಮ್ಮು ಮೊದಲು ಕೇಳಿಸಿತು. ಆಮೇಲೆ "ಹಚ್ಚೀಯೇನ? ಹಾಡ್ಲ್ಯಾ?" ಎಂಬ ಪ್ರಶ್ನೆ. ಆಮೇಲೆ ಪದ. ಹೊರಗೆ ಟಂಟಂ ಗಾಡಿಗಳ ಹಾರ್ನು, ಒಳಗೆ ಅತ್ತೆಯ ದನಿ. ಮೊಬೈಲಿನ ಗಾಜು ಹಾಕಿಸಲು ಬಂದ ಒಬ್ಬ ಅಜ್ಜ ಕೈಯನ್ನು ಗಲ್ಲಕ್ಕೆ ಹಚ್ಚಿಕೊಂಡು ಪದ ಮುಗಿಯುವವರೆಗೆ ನಿಂತರು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಆ ಹುಡುಗ ಪೂರ್ತಿ ಫೋಲ್ಡರನ್ನು ತನ್ನಲ್ಲಿದ್ದ ಹೊಸ ಪೆನ್ ಡ್ರೈವಿಗೆ ಹಾಕಿಕೊಟ್ಟ ಮೇಲೆಯೇ, "ಈಗ ಬೋರ್ಡು ನೋಡೂಣು" ಎಂದ.

ಟಾರ್ಚು ಹಿಡಿದು ನನಗೂ ತೋರಿಸಿದ. ಆ ಕೆಂಪು ವೈರಿನ ತುದಿ ಬೋರ್ಡಿಗೆ ಸೇರುವಲ್ಲಿ ಒಂದು ಸಣ್ಣ ಬಾಯಿ ಇರುತ್ತದೆ. ಅದಕ್ಕೆ ಸಾಟಾ ಕನೆಕ್ಟರ್ ಎನ್ನುತ್ತಾರೆ. ನಾನು ಕೊಂಡಿ ಎನ್ನುತ್ತೇನೆ. ಆ ಬಾಯೊಳಗೆ ಉಗುರಿನಷ್ಟು ಪ್ಲಾಸ್ಟಿಕ್ಕಿನ ನಾಲಿಗೆ, ಅದರ ತುದಿ ಒಂದು ಕಡೆ ಮೊಳೆಯಂತೆ ಬಾಗಿರುತ್ತದೆ, ತಿರುವುಮುರುವಾಗಿ ಹಾಕಬಾರದೆಂದು. ಆ ನಾಲಿಗೆಯ ಬೆನ್ನಿಗೆ ಏಳು ತೆಳು ಲೋಹದ ಪಟ್ಟಿಗಳು. ಅವುಗಳಲ್ಲಿ ಮೂರು ಬರಿಯ ಗ್ರೌಂಡು. ಉಳಿದ ನಾಲ್ಕರಲ್ಲಿ ಎರಡು ಕಳಿಸಲಿಕ್ಕೆ, ಎರಡು ತರಿಸಿಕೊಳ್ಳಲಿಕ್ಕೆ. ಜೋಡಿಯ ಒಂದು ತಂತಿ ಮೇಲೆಂದಾಗ ಇನ್ನೊಂದು ಕೆಳಗೆನ್ನುತ್ತದೆ. ಹೊರಗಿನ ಗದ್ದಲ ಎರಡಕ್ಕೂ ಒಂದೇ ಸಮ ತಾಗುವುದರಿಂದ ಲೆಕ್ಕದಲ್ಲಿ ಅದು ಕಳೆದುಹೋಗಿ ಮಾತು ಮಾತ್ರ ಉಳಿಯುತ್ತದಂತೆ. ಎಂಥ ಜಾಣತನ!

ನಾನು ವೈರನ್ನು ಪಕ್ಕಕ್ಕೆ ಅಲ್ಲಾಡಿಸಿ ಎಳೆದಾಗ ಆ ನಾಲಿಗೆ ಬುಡದಲ್ಲೇ ಮುರಿದಿತ್ತು. ಮುರಿದ ತುಂಡು ವೈರಿನ ಬಾಯಲ್ಲೇ ಕಚ್ಚಿಕೊಂಡಿತ್ತು. ಅದಕ್ಕೇ ಮತ್ತೆ ಒತ್ತಿದಾಗ ನಿಂತಂತೆ ಕಂಡದ್ದು, ಅದಕ್ಕೇ ವಿಜಯಪುರದವರಿಗೆ ಮೇಲಿಂದ ನೋಡಿದರೆ ತಿಳಿಯದ್ದು. ಬೋರ್ಡಿನಲ್ಲಿ ಏಳು ಪಟ್ಟಿಗಳು ಆಧಾರವಿಲ್ಲದೆ ಬತ್ತಲೆ ನಿಂತಿದ್ದವು, ಎರಡು ಬಾಗಿ ಒಂದಕ್ಕೊಂದು ಆತುಕೊಂಡಿದ್ದವು. ಬೋರ್ಡಿನ ನಾಲಿಗೆ ಮುರಿದು ಮೂಕಾಗಿತ್ತು. ನಾನು ನಾಲಿಗೆ ಇದ್ದೂ ಮೂಕಿಯಾಗಿದ್ದೆ.

"ವೈರಿನ ತುದ್ಯಾಗ ನೋಡ್ರಿ, ಇಲ್ಲೊಂದು ಸಣ್ಣ ಸ್ಟೀಲಿನ ಪಟ್ಟಿ ಐತಿ. ಇದು ಚಿಲಕ. ಹೆಬ್ಬೆರಳಿಲೆ ಇದನ್ನ ಒತ್ತಿ ನೆಟ್ಟಗ ಮ್ಯಾಲಕ್ಕ ಎತ್ತಬೇಕು. ಒತ್ತದ ಜಗ್ಗಿದ್ರ ಕೊಂಡಿನ ಕಿತ್ತು ಬರತೈತಿ" ಎಂದ. ಇಂಥ ಕೊಂಡಿಗಳನ್ನು 50 ಸಲ ಹಾಕಿ ತೆಗೆಯುವುದಕ್ಕೆ ಲೆಕ್ಕ ಹಿಡಿದು ಮಾಡಿರುತ್ತಾರಂತೆ. ಹೊರಗೆ ದಿನಾ ಪೆನ್ ಡ್ರೈವ್ ಹಾಕುವ ಯು.ಎಸ್.ಬಿ. ಬಾಯಿಗಾದರೆ 1,500 ಸಲದ ಲೆಕ್ಕ. ಒಳಗಿನದನ್ನು ಜನ ಮುಟ್ಟುವುದೇ ಅಪರೂಪವೆಂದು ಅದನ್ನು ನಾಜೂಕಾಗಿ ಮಾಡಿದ್ದಾರೆ. ನನ್ನಂಥ ಗೃಹಿಣಿ ಬ್ರಷ್ಷು ಹಿಡಿದು ಬರುತ್ತಾಳೆಂದು ಅವರಿಗೇನು ಗೊತ್ತು?

"ಈಗೇನು ಮಾಡೂದಪಾ? ಬೋರ್ಡು ಬದಲಿಸಬೇಕೇನು?"

ಹುಡುಗ ನಕ್ಕ. "ಇಲ್ಲಿ ನೋಡ್ರಿ. ಇಂಥಾ ಬಾಯಿ ನಾಕ ಅದಾವು. ಒಂದು ಮುರದೈತಿ. ಒಂದಕ್ಕ ಡಿವಿಡಿ ಹಚ್ಯಾರ. ಎರಡು ಖಾಲಿನ ಅದಾವು!"

ಸೋದರಿಯರೇ, ನಾನು ಬೆಪ್ಪಾಗಿ ನಿಂತೆ. ಪಕ್ಕದಲ್ಲೇ ಎರಡು ಒಳ್ಳೆಯ ಕೊಂಡಿಗಳು ನಾಲ್ಕು ವರ್ಷದಿಂದ ಕೆಲಸವಿಲ್ಲದೆ ಕುಳಿತಿದ್ದವು! ಅವನು ಮುರಿದ ತುಂಡಿದ್ದ ಹಳೆಯ ವೈರನ್ನು ತೆಗೆದಿಟ್ಟ. ಬಾಗಿದ ಪಟ್ಟಿಗಳನ್ನು ಸೂಜಿಯಂಥ ಚಿಮಟದಿಂದ ಒಂದಕ್ಕೊಂದು ತಾಗದಂತೆ ನೆಟ್ಟಗೆ ಮಾಡಿ, ಮೇಲೆ ಶಾಖಕ್ಕೆ ಕರಗದ ಹಳದಿ ಟೇಪು ಅಂಟಿಸಿದ. ಹೊಸ ವೈರು ತಂದು ಡಿಸ್ಕನ್ನು ಪಕ್ಕದ ಬಾಯಿಗೆ ಜೋಡಿಸಿದ. ಮೊದಲು ಈ ಡಿಸ್ಕನ್ನೇ ಓದು ಎಂದು ಯಂತ್ರದ ಸೆಟ್ಟಿಂಗಿನಲ್ಲಿ ಹೇಳಿದ. ಗುಂಡಿ ಒತ್ತಿದ. ಕಂಪ್ಯೂಟರ್ ಎದ್ದಿತು. ವೈರು, ಪೆನ್ ಡ್ರೈವ್, ಕೂಲಿ ಎಲ್ಲ ಸೇರಿ 650 ರೂಪಾಯಿ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳಲು ಹೊರಟಿದ್ದೆವು ನಾವು.

ನಾಲ್ಕೂ ಬಾಯಿ ಮುರಿದಿದ್ದರೆ ಏನು ಗತಿ ಎಂದೂ ಕೇಳಿದೆ. ಆಗಲೂ ದಾರಿಯಿದೆಯಂತೆ. ಬೋರ್ಡಿನ ಖಾಲಿ ಸೀಳಿನಲ್ಲಿ ಒಂದು ಸಣ್ಣ ಕಾರ್ಡು ಕೂಡಿಸಿದರೆ ಅದರಲ್ಲಿ ಹೊಸ ಬಾಯಿಗಳಿರುತ್ತವೆ. ಇಲ್ಲವೆಂದರೆ ಮುರಿದ ಕೊಂಡಿಯನ್ನು ಬೆಸುಗೆ ಬಿಡಿಸಿ ತೆಗೆದು, ಕೆಟ್ಟ ಬೋರ್ಡೊಂದರಿಂದ ಒಳ್ಳೆಯ ಕೊಂಡಿ ತಂದು ಬೆಸೆಯಬಹುದು. ಆದರೆ ಇದು ಮನೆಯಲ್ಲಿ ಮಾಡುವ ಕೆಲಸವಲ್ಲ. ಬೋರ್ಡು ನೋಡಲು ಒಂದೇ ಹಲಗೆ, ಒಳಗೆ ಚಪಾತಿಯ ಪದರಿನಂತೆ ತಾಮ್ರದ ಪದರುಗಳು. ಗ್ರೌಂಡಿನ ಕಾಲಿಗೆ ಕೊಟ್ಟ ಶಾಖವನ್ನೆಲ್ಲ ಆ ತಾಮ್ರ ಹೀರಿಕೊಳ್ಳುತ್ತದೆ. ಹಳೆಯ ಸೀಸದ ಬೆಸುಗೆ 183 ಡಿಗ್ರಿಗೆ ಕರಗಿದರೆ, ಈಗಿನ ಸೀಸವಿಲ್ಲದ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಅವಸರಕ್ಕೆ ಕಿತ್ತರೆ ಕಾಲಿನೊಂದಿಗೆ ತಾಮ್ರದ ದಾರಿಯೂ ಎದ್ದು ಬಂದು, ಸಣ್ಣ ಮುರುಕು ದೊಡ್ಡದಾಗುತ್ತದೆ. "ಬ್ಯಾರೆ ಬಾಯಿ ಇದ್ದಾಗ ಆ ಉಸಾಬರಿ ಯಾಕ್ರಿ?" ಎಂದ. ಗೊತ್ತಿದ್ದೂ ಮಾಡದೆ ಬಿಡುವುದು ಕೂಡ ಒಂದು ವಿದ್ಯೆಯೇ ಎನಿಸಿತು.

ಮನೆಗೆ ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆಗೆ ಸುತ್ತಿದ ಕೌದಿಯ ಮೇಲೆ ಕೈಯಾಡಿಸುತ್ತ ಕುಳಿತಿದ್ದೆ. ಆ ಕೌದಿ ಅತ್ತೆ ಹೊಲಿದದ್ದು. ಹರಿದ ಸೀರೆ, ಮಾಸಿದ ಧೋತರ, ಮಕ್ಕಳ ಅಂಗಿ ಎಲ್ಲ ಅದರಲ್ಲಿವೆ. ಕೊಡದ ತಳ ಸೋರಿದರೆ ಬೆಸುಗೆ, ಹಿತ್ತಾಳೆ ಪಾತ್ರೆಗೆ ಕಲಾಯಿ, ಚಪ್ಪಲಿಯ ಉಂಗುಷ್ಠ ಹರಿದರೆ ಹೊಲಿಗೆ. ಹೀಗೆ ಬಾಳಿದವರು ನಾವು. ಅದೇ ನಾವು ಕಂಪ್ಯೂಟರ್ ಎಂದ ಕೂಡಲೇ, ಅದು ನಮಗೆ ತಿಳಿಯದ್ದು ಎಂದು ಹೆದರಿ, ಇಡಿಯದನ್ನೇ ಬಿಸಾಡಲು ಒಪ್ಪಿಬಿಡುತ್ತೇವೆ. ಈಗ ಸರಕಾರದವರೂ ದುರಸ್ತಿಯ ಹಕ್ಕಿನ ಮಾತಾಡುತ್ತಿದ್ದಾರೆ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈಯಲ್ಲಿ ಅದಕ್ಕಾಗಿ ಒಂದು ಸಮಿತಿ ಮಾಡಿತು. ಎಲೆಕ್ಟ್ರಾನಿಕ್ ಕಸದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಬಹಳ ಸಂತೋಷ. ಆದರೆ ನಮ್ಮ ಅತ್ತೆಯ ಕೌದಿಗೆ ಯಾವ ಸಮಿತಿಯೂ ಬೇಕಾಗಿರಲಿಲ್ಲ!

ನನ್ನಂತೆ ಒಳಗಿನ ಧೂಳು ನೋಡಿ ಸುಮ್ಮನಿರಲಾಗದ ಸೋದರಿಯರಿಗೆ ನಾನು ಪೆಟ್ಟು ತಿಂದು ಕಲಿತ ನಾಲ್ಕು ಮಾತು ಹೇಳುತ್ತೇನೆ. ಸ್ವಿಚ್ಚು ಆರಿಸಿದರೆ ಸಾಲದು, ಗೋಡೆಯಿಂದ ಪ್ಲಗ್ಗನ್ನೇ ಕೀಳಿರಿ. ಕಿತ್ತ ಮೇಲೆ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟು ಹೋಗುತ್ತದೆ. ದೊಡ್ಡ ಕರೆಂಟಿನ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬೇಡಿ. ಒದ್ದೆ ಬಟ್ಟೆ ಬೇಡ, ಒಣ ಮೆತ್ತನೆಯ ಬ್ರಷ್ಷು ಸಾಕು. ಮುಟ್ಟುವ ಮೊದಲು ಪೆಟ್ಟಿಗೆಯ ಬರಿ ಲೋಹವನ್ನೊಮ್ಮೆ ಮುಟ್ಟಿರಿ, ನಮ್ಮ ಸೀರೆಯ ಸ್ಥಾಯೀ ವಿದ್ಯುತ್ತು ಅದಕ್ಕಿಳಿಯುತ್ತದೆ. ಯಾವ ವೈರು ತೆಗೆಯುವ ಮೊದಲೂ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ವೈರು ಹಿಡಿದು ಎಂದೂ ಎಳೆಯಬೇಡಿ, ಅದರ ತಲೆಯನ್ನು ಹಿಡಿಯಿರಿ, ಚಿಲಕ ಹುಡುಕಿ, ಒತ್ತಿ, ನೆಟ್ಟಗೆ ಎತ್ತಿರಿ. 24 ಕಾಲಿನ ಅಗಲವಾದ ಕರೆಂಟಿನ ಕೊಂಡಿಗೂ ಚಿಲಕವಿರುತ್ತದೆ. ಮುಂದಿನ ಯು.ಎಸ್.ಬಿ.ಗೆ ಬರುವ, ಸಾಮಾನ್ಯವಾಗಿ ನೀಲಿ ಅಥವಾ ಕಪ್ಪು ಬಣ್ಣದ 19 ಕಾಲಿನ ದಪ್ಪ ಕೊಂಡಿಗೆ ಚಿಲಕವಿಲ್ಲ, ಬಿಗಿ ಮಾತ್ರ ಬಹಳ. ಅದನ್ನು ಅಲ್ಲಾಡಿಸಿ ಎಳೆದರೆ ಕಾಲು ಬಾಗುತ್ತವೆ, ಕೆಲವೊಮ್ಮೆ ಬೋರ್ಡಿನ ಕಡೆಯ ಪ್ಲಾಸ್ಟಿಕ್ಕೇ ಎದ್ದು ಬರುತ್ತದೆ. ಹಟ ಹಿಡಿದ ವೈರನ್ನು ಬಿಟ್ಟು ಅದರ ಸುತ್ತಲೇ ಒರೆಸಿರಿ.

ಇನ್ನು ಎಲ್ಲಕ್ಕೂ ದೊಡ್ಡ ಮಾತು. ಮುರಿದರೆ ಹೇಳಿಬಿಡಿ. ಮುರಿದದ್ದು ಉಗುರಿನಷ್ಟು ಪ್ಲಾಸ್ಟಿಕ್ಕು. ಅದನ್ನು ಮುಚ್ಚಿಟ್ಟದ್ದರಿಂದ 14,000 ರೂಪಾಯಿಯ ಮಾತು ಬಂತು, ವಿಜಯಪುರದ ಬಸ್ ಚಾರ್ಜು ಹೋಯಿತು, ಹಬ್ಬದ ದಿನ ಒಂದು ಮಗುವಿನ ಮನಸ್ಸು ನೊಂದಿತು. ಎರಡು ವಸ್ತುಗಳನ್ನು ಜೋಡಿಸುವ ಕೊಂಡಿಯೇ ಎಲ್ಲಕ್ಕಿಂತ ನಾಜೂಕು. ಯಂತ್ರದಲ್ಲಿ ಪಕ್ಕದ ಬಾಯಿ ಖಾಲಿ ಇರುತ್ತದೆ, ಬದಲಿಸಬಹುದು. ತಾಯಿ ಮಗನ ನಡುವೆ ಅಂಥ ಖಾಲಿ ಬಾಯಿ ಇಲ್ಲ. ಮುರಿದದ್ದನ್ನೇ ನೆಟ್ಟಗೆ ಮಾಡಿಕೊಳ್ಳಬೇಕು.

2025ರ ಖಂಡೇನವಮಿಗೆ ಮತ್ತೆ ಪೆಟ್ಟಿಗೆ ಬಿಚ್ಚಿದೆ. ಈ ಸಲ ಮಗ ಟಾರ್ಚು ಹಿಡಿದಿದ್ದ, ನಾನು ಹೆಬ್ಬೆರಳಿನಿಂದ ಚಿಲಕ ಒತ್ತಿದೆ. ವೈರು ಬೆಣ್ಣೆಯಿಂದ ಕೂದಲು ತೆಗೆದಂತೆ ಬಂತು. "ಕಲ್ತಿ ನೋಡವ್ವಾ" ಎಂದು ನಕ್ಕ. ಅತ್ತೆಯ ಹನ್ನೊಂದು ಪದಗಳು ಈಗ ಮೂರು ಕಡೆ ಇವೆ. ಕಂಪ್ಯೂಟರಿನಲ್ಲಿ, ಮಗಳ ಮೊಬೈಲಿನಲ್ಲಿ, ಮತ್ತೆ ಆ ಪೆನ್ ಡ್ರೈವಿನಲ್ಲಿ. ಪೆನ್ ಡ್ರೈವನ್ನು ನಾನು ಟ್ರೆಜರಿಯಲ್ಲಿ, ಬಂಗಾರದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಜೊತೆಗೆ ಆ ವರ್ಷದ ಒಂದು ಬನ್ನಿ ಎಲೆಯೂ ಇದೆ.